ಗುಂಡಣ್ಣನ ವಯಸ್ಸು

ಬಂದರು ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಅವರ ತಮ್ಮ ಕುಳಿತಿದ್ದರು. ಯುದ್ಧಕಾಲದಲ್ಲಿ ಹಡಗಿನೊಂದಿಗೆ ಮುಳುಗಿದ ನಾವಿಕರ ಹೆಸರು, ವಯಸ್ಸುಗಳನ್ನು ಹೊಸ ಕಲ್ಲಿನಲ್ಲಿ ಕೆತ್ತಿಸುವವರಿದ್ದರು. ಈ ಅಕ್ಕ-ತಮ್ಮಂದಿರ ಸೋದರ ಗುಂಡಣ್ಣನ ಹೆಸರೂ ಪಟ್ಟಿಯಲ್ಲಿತ್ತು; ತಿದ್ದುಪಡಿಗೆ ಅಂದೇ ಕೊನೆಯ ದಿನ.

“ಗುಂಡಣ್ಣನಿಗೆ ಹತ್ತೊಂಬತ್ತು ಅಂತಲೇ ಇರಲಿ ಬಿಡಕ್ಕಾ.”

“ಹಡಗು ಮುಳುಗಿದಾಗ ಅವನಿಗೆ ಹದಿನಾರು.”

“ಹಡಗಿಗೆ ಸೇರೋ ಅರ್ಜಿಯಲ್ಲಿ ಹತ್ತೊಂಬತ್ತು ಅಂತ ಬರೆದು ಅಪ್ಪನ ರುಜು ಇದೆ. ಕಳ್ಳರುಜು ಅಂತ ಅಪ್ಪ ಬಾಯಿ ಬಡಕೊಂಡರೂ ಯಾರೂ ನಂಬಲಿಲ್ಲ.”

“ಅದನ್ನ ಹಾಕಿದವಳು ನಾನು.”

ತಮ್ಮ ಅಕ್ಕನ ಕಡೆ ಪೂರ್ತಿ ತಿರುಗಿ ಕುಳಿತರು.

“ಹಾಕಿದ ಕೈ ಸೇದಿಹೋಗಲಿ ಅಂತ ಸಾಯೋವರೆಗೂ ಶಪಿಸ್ತಿದ್ದರಲ್ಲ!”

“ಊಟ ಬಡಿಸ್ತಾ ಕೇಳಿಸ್ಕೊಂಡಿದ್ದೀನಿ, ಅದೇ ಕೈಲಿ.”

“ಯಾಕಕ್ಕಾ ಹಾಗೆ ಮಾಡಿದೆ?”

“ಮೂರು ದಿನ ಬೆನ್ನು ಬಿಡದೆ ಕಾಡಿದ. ಕಣ್ಣೀರು ಹಾಕಿದ. ರುಜು ಹಾಕಿ ಕೊಟ್ಟುಬಿಟ್ಟೆ. ಅವನು ಬದುಕದ ಮೂರು ವರ್ಷ ಕಲ್ಲಿನ ಮೇಲೆ ಇರಕೂಡದು.”

“ಈಗ ಒಪ್ಪಿಕೊಂಡರೆ ಜನ ಉಗೀತಾರೆ.”

“ತೊಂಬತ್ತು ವರ್ಷದವಳಿಗೆ ಉಗಿದು ಏನು ಕಿತ್ಕೋತಾರೆ?”

“ಸಾಕ್ಷಿ ಕೇಳಿದರೆ?”

“ವಯಸ್ಸಿಗೆ ಶಾಲೆಯ ಸರ್ಟಿಫಿಕೇಟ್ ಇದೆ. ಇನ್ನೂ ಅನುಮಾನ ಅಂದರೆ, ಅವರ ಕಣ್ಣೆದುರೇ ಅಪ್ಪನ ರುಜು ಹಾಕಿ ತೋರಿಸ್ತೀನಿ.”

ಕಿಟಕಿಯಿಂದ ಗುಮಾಸ್ತ ಕರೆದ. ತಮ್ಮನೇ ಮೊದಲು ಎದ್ದು ಅಕ್ಕನ ತೋಳು ಹಿಡಿದರು.

“ಕೈ ನಡುಗ್ತಾ ಇದೆಯಲ್ಲಕ್ಕಾ, ರುಜು ಬರುತ್ತಾ?”

“ನೀನು ಕಾಗದ ಅಲುಗದ ಹಾಗೆ ಹಿಡ್ಕೋ, ಸಾಕು,” ಎನ್ನುತ್ತಾ ಅಜ್ಜಿ ಆಗಲೇ ಕಿಟಕಿಯತ್ತ ಹೊರಟಿದ್ದರು.