ದವಡೆಯಲ್ಲಿ ಇಟ್ಟ ಗುಟ್ಟು

ಸಿಗರೇಟು ಬಿಡಿ ಎಂದು ಹೇಳಲು ನಾನು ಇಲ್ಲಿ ಕುಳಿತಿಲ್ಲ. ಅದನ್ನು ನಿಮಗೆ ಮಕ್ಕಳು ಹೇಳಿದ್ದಾರೆ, ಡಾಕ್ಟರು ಹೇಳಿದ್ದಾರೆ, ಸಿಗರೇಟಿನ ಪ್ಯಾಕೆಟ್ಟೇ ಚಿತ್ರ ಸಮೇತ ಹೇಳುತ್ತದೆ. ಬಿಡಬೇಕು ಎನ್ನುವುದು ಯಾರಿಗೆ ಗೊತ್ತಿಲ್ಲ? ಯಾವುದನ್ನು ಹಿಡಿದುಕೊಂಡು ಬಿಡಬೇಕು ಎನ್ನುವುದು ಗೊತ್ತಿಲ್ಲ. ಹೊಳೆಯಲ್ಲಿ ಬಿದ್ದವನಿಗೆ ದಡ ಅಲ್ಲಿದೆ ನೋಡು ಎಂದು ಬೆರಳು ತೋರಿಸಿದರೆ ಸಾಕೇ? ಹಿಡಿಯಲು ಏನಾದರೂ ಎಸೆಯಬೇಕಲ್ಲವೇ? ಎಸೆದದ್ದನ್ನು ಅವನು ಸರಿಯಾಗಿ ಹಿಡಿಯಲೂ ಬೇಕಲ್ಲವೇ? ಇವತ್ತಿನ ದೃಷ್ಟಾಂತ ಅದರ ಬಗ್ಗೆ.

ಮೆಣಸಿನಕಾಯಿ ಪೇಟೆಯ ಒಂದು ಊರು. ಆ ಊರಿಗೆಲ್ಲ ದೊಡ್ಡವನು ಒಬ್ಬ ಸಾಹುಕಾರ. ಅವನ ದೊಡ್ಡಸ್ತಿಕೆ ಇದ್ದದ್ದು ತಿಜೋರಿಯಲ್ಲಲ್ಲ, ಮೂಗಿನಲ್ಲಿ. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಮುರಿದು ಮೂಗಿಗೆ ಹಿಡಿದರೆ ಇದು ಯಾವ ಸೀಮೆಯ ಹೊಲದ್ದು, ಎಷ್ಟು ಬಿಸಿಲು ಕಂಡಿದೆ, ತೂಕಕ್ಕೆಂದು ರಾತ್ರಿ ನೀರು ಚಿಮುಕಿಸಿದ್ದಾರೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಇನ್ನೊಬ್ಬರ ಮಾತಿನ ಮೇಲೆ ಒಂದು ಚೀಲವನ್ನೂ ಕೊಂಡವನಲ್ಲ. ಯಾರಾದರೂ "ಮಾಲು ಭಾಳ ಚಲೋ ಅದರಿ ಸಾವುಕಾರ್ರ" ಎಂದರೆ, "ನೀ ಮುರದ ನೋಡಿಯೇನು?" ಎಂದು ಕೇಳುತ್ತಿದ್ದ. ಮುರಿದು ನೋಡಿದವನ ಮಾತಷ್ಟೇ ಅವನಿಗೆ ಮಾತು.

ಮೂವತ್ತು ವರ್ಷ, ದಿನಕ್ಕೆ ಎರಡು ಪ್ಯಾಕೆಟ್ಟು ಸಿಗರೇಟು. ಆ ಮೂಗು ಎಲ್ಲಿ ಉಳಿದೀತು? ಈಗೀಗ ಕಾಯಿ ಮುರಿದು ಮೂಗಿಗೆ ಹಿಡಿಯುವುದು ಬರೀ ಅಭ್ಯಾಸ. ವಾಸನೆ ಹೇಗಿದೆ ಎಂದು ಪಕ್ಕದ ಹಮಾಲನನ್ನು ಮೆಲ್ಲಗೆ ಕೇಳಿ, ಆಮೇಲೆ ತಾನೇ ಕಂಡುಹಿಡಿದವನಂತೆ ತಲೆಯಾಡಿಸುತ್ತಿದ್ದ.

ಅವನಿಗೊಬ್ಬ ಹೆಂಡತಿ. ಮಾತು ಕಡಿಮೆಯವಳು ಎಂದು ಇಡೀ ಊರಿಗೆ ಗೊತ್ತಿದ್ದ ಹೆಂಗಸು. ಅತ್ತೆಯಂತೂ ಮದುವೆ ಮನೆಗಳಲ್ಲಿ ಹೇಳಿದ್ದೇ ಹೇಳಿದ್ದು. "ನಮ್ಮ ಸೊಸಿ ಎದರ ಆಡಾಕಿ ಅಲ್ಲವಾ. ನೂರು ಮಾತಿಗೆ ಒಂದ ಹೂಂ. ಆ ಹೂಂ ಸುದ್ದಾ ತುಟಿ ಬಿಚ್ಚಲಾರದ ಅಂತಾಳ." ಬೇರೆ ಅತ್ತೆಯಂದಿರು ತಮ್ಮ ಸೊಸೆಯಂದಿರಿಗೆ ಅವಳನ್ನು ಬೊಟ್ಟು ಮಾಡಿ ತೋರಿಸುತ್ತಿದ್ದರು. ನಾವೂ ಹಾಗೆಯೇ ಹೊಗಳುತ್ತೇವೆ, ಅಲ್ಲವೇ? ಹೆಣ್ಣುಮಗಳು ಬಾಯಿ ಮುಚ್ಚಿಕೊಂಡಿದ್ದರೆ ಅದು ಗುಣ ಎಂದು ಬರೆದುಕೊಂಡು ಬಿಡುತ್ತೇವೆ. ಯಾಕೆ ಮುಚ್ಚಿದೆ ಎಂದು ಕೇಳುವವರು ಯಾರು?

ಒಂದು ದಿನ ಸಾಹುಕಾರನ ಎಡಗಾಲಿನ ಹೆಬ್ಬೆರಳು ನೀಲಿಗಟ್ಟಿತು. ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಪಾದ ಮುಟ್ಟಿ ನೋಡಿದಳು, ತಣ್ಣಗಿತ್ತು. "ಇದಕ್ಕ ರಕ್ತ ಹೋಗೂದು ಕಡಿಮಿ ಆಗೇದ. ಸಿಗರೇಟ ನಿಂತ್ರ ಬೊಟ್ಟು ಉಳಿಯೂ ಆಶಾ ಅದ. ನಿಲ್ಲಲಿಲ್ಲಂದ್ರ ಮೊದಲ ಬೊಟ್ಟು ತಗೀಬೇಕಾಗತದ, ಆಮ್ಯಾಲೆ ಪಾದ. ಒಂದ ತಿಂಗಳ ಬಿಟ್ಟ ಮತ್ತ ಬರ್ರಿ, ನೋಡೂಣು."

ಒಂದು ತಿಂಗಳು. ಸಾಹುಕಾರ ನಿಜಕ್ಕೂ ಹೆದರಿದ. ಈಗ ನೋಡಿ, ಅವನು ಮಾಡಿದ ತಪ್ಪನ್ನು ಮೆಣಸಿನಕಾಯಿ ವ್ಯಾಪಾರಿಯೇ ಮಾಡಬೇಕು. ಚಟ ಬಿಡಿಸುವ ದಾರಿಯನ್ನು ಅವನು ರಾಶಿ ನೋಡುವ ಹಾಗೆ ನೋಡಿದ. ಈ ರಾಶಿಯಿಂದ ಒಂದು ಹಿಡಿ, ಸರಿ ಕಾಣಲಿಲ್ಲವೇ, ಮುಂದಿನ ರಾಶಿ. ಏಲಕ್ಕಿ ಬಾಯಲ್ಲಿ ಇಟ್ಟುಕೊಳ್ಳಿ ಎಂದರು, ಎರಡು ದಿನ ಇಟ್ಟುಕೊಂಡ. ದೇವರ ಮುಂದೆ ಆಣೆ ಮಾಡಿ ಎಂದರು, ಮಾಡಿದ, ಮೂರನೇ ದಿನ ಆ ದೇವರ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಮಾರುಕಟ್ಟೆಗೆ ಹೋದ. ತಂಬಾಕಿಲ್ಲದ ಗಿಡಮೂಲಿಕೆ ಬೀಡಿ ತರಿಸಿದ, ಕೆಮ್ಮು ಮಾತ್ರ ಹೆಚ್ಚಾಯಿತು. ಯಾರೋ ಕೈಗೆ ತಾಯಿತ ಕಟ್ಟಿದರು. ಎರಡು ವಾರದಲ್ಲಿ ನಾಲ್ಕು ದಾರಿ. ನಾಲ್ಕೂ ಸುಳ್ಳು ಮಾಲು ಎಂದು ತೀರ್ಮಾನ ಮಾಡಿದ.

ಕೊನೆಗೆ ಮತ್ತೆ ಡಾಕ್ಟರಮ್ಮನ ಬಳಿಗೇ ಹೋದ. ಅವಳು ನಿಕೋಟಿನ್ ಗಮ್ಮು ಬರೆದುಕೊಟ್ಟಳು. ಸಿಗರೇಟಿನ ಹಂಬಲ ಬಂದಾಗ ಬಾಯಿಗೆ ಹಾಕಿಕೊಳ್ಳುವ ಗಮ್ಮು. ಹೇಗೆ ಹಾಕಿಕೊಳ್ಳಬೇಕು ಎಂದೂ ಹೇಳತೊಡಗಿದಳು. ಅಷ್ಟರಲ್ಲಿ ಅವನಿಗೆ ಫೋನು ಬಂತು, ಪೇಟೆಗೆ ಲಾರಿ ಬಂದಿತ್ತು. "ಆತ್ರಿ ಆತ್ರಿ, ತಿಳೀತು" ಎಂದು ಎದ್ದು ಬಂದ.

ತಿಳಿದದ್ದೇನು? ಎರಡು ಗಮ್ಮು ಒಟ್ಟಿಗೆ ಬಾಯಿಗೆ ಹಾಕಿಕೊಂಡು ಉತ್ತತ್ತಿ ಅಗಿದ ಹಾಗೆ ಕಚಕಚ ಅಗಿದ, ರಸ ನುಂಗಿದ. ಗಂಟಲು ಉರಿಯಿತು, ಹೊಟ್ಟೆ ತೊಳಸಿತು, ಬಿಕ್ಕಳಿಕೆ ಹಿಡಿಯಿತು. ಪಡಸಾಲೆಯಲ್ಲಿ ಕೂತಿದ್ದ ತಾಯಿ, "ಯಾರೋ ನಿನ್ನ ಭಾಳ ನೆನಸಾಕ್ಹತ್ಯಾರ ನೋಡೋ" ಎಂದಳು. ಅವನು ಬಿಕ್ಕುತ್ತಲೇ, "ಆ ಡಾಕ್ಟರಮ್ಮನೇ ನೆನಸಾಕ್ಹತ್ತಿರಬೇಕ" ಎಂದ.

ಮೂರನೇ ದಿನ ಮಧ್ಯಾಹ್ನ ಊಟವಾಗಿತ್ತು. ಮತ್ತೆ ಬಿಕ್ಕಳಿಕೆ. "ಇದೂ ಸುಳ್ಳು ಮಾಲು" ಎಂದು ಗಮ್ಮಿನ ಪ್ಯಾಕೆಟ್ಟನ್ನು ಅಂಗಳಕ್ಕೆ ಎಸೆಯಲು ಒಂದು ಕೈ ಎತ್ತಿದ. ಇನ್ನೊಂದು ಕೈ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿಗೆ ಹೋಗಿತ್ತು. ಜೇಬಿನಲ್ಲಿ ಏನಿತ್ತು ಎಂದು ನಿಮಗೆ ಗೊತ್ತು.

ಮಜ್ಜಿಗೆ ತಂಬಿಗೆ ಹಿಡಿದು ಬಂದ ಹೆಂಡತಿ ಬಾಗಿಲಲ್ಲಿ ನಿಂತಳು.

"ಒಗೀಬ್ಯಾಡ್ರಿ. ಹಂಗ ಅಗಿಯೂದಲ್ಲ ಅದು."

ಅವನು ತಿರುಗಿ ನೋಡಿದ. ಅವಳು ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

"ಒಂದ ತಗೋರಿ. ಸಾವಕಾಶ ನಾಕ ಸಲ ಅಗೀರಿ. ಚುರ್ ಅಂತದ. ಚುರ್ ಅಂದಕೂಡ್ಲೆ ಅಗಿಯೂದ ನಿಂದರಸ್ರಿ. ನಾಲಿಗಿಲೆ ಹಿಂಗ ಸರಸಿ ಕೆನ್ನಿಗೂ ದವಡಿಗೂ ನಡುವ ಇಡ್ರಿ. ರಸಾ ಹೊಟ್ಟಿಗೆ ಹೋಗಬಾರದು, ಅಲ್ಲೇ ಇಂಗಬೇಕು. ಚುರುಚುರು ಹೋದಮ್ಯಾಲೆ ಮತ್ತ ನಾಕ ಸಲ."

"ನಿನಗ್ಯಾರ ಹೇಳಿದ್ರು ಇದನ್ನ?"

ಇಲ್ಲಿ ಸ್ವಲ್ಪ ನಿಲ್ಲೋಣ. ಅವಳ ನಾಲಿಗೆಯ ತುದಿಯಲ್ಲಿ ಎಷ್ಟು ಉತ್ತರಗಳಿದ್ದವು ಎಂದು ಯೋಚಿಸಿ. ಟೀವಿಯಲ್ಲಿ ನೋಡಿದೆ ಎನ್ನಬಹುದಿತ್ತು. ಪ್ಯಾಕೆಟ್ಟಿನೊಳಗಿನ ಚೀಟಿಯಲ್ಲಿ ಬರೆದಿದೆ ಎನ್ನಬಹುದಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದಾಳೆ, ಎದುರಿಗೆ ಗಂಡ. ಒಂದು ಸಣ್ಣ ಸುಳ್ಳು, ಅವಳ ಮಾನ ಅವಳಿಗೆ ಉಳಿಯುತ್ತಿತ್ತು. ಆದರೆ ಆ ಮನುಷ್ಯನೊಡನೆ ಅವಳು ಬಾಳಿದ್ದಳು. ಟೀವಿಯ ಮಾತು, ಚೀಟಿಯ ಮಾತು ಅವನಿಗೆ ಮಾತೇ ಅಲ್ಲ. ಮುರಿದು ನೋಡಿದವರ ಮಾತು ಬೇಕು. ಅದು ಸಿಗದಿದ್ದರೆ ಆ ಪ್ಯಾಕೆಟ್ಟು ಅಂಗಳಕ್ಕೆ ಬೀಳುತ್ತದೆ, ಸಿಗರೇಟು ತುಟಿಗೆ ಬರುತ್ತದೆ, ಕಾಲು ಹೋಗುತ್ತದೆ. ಅವಳಿಗೆ ಇದೆಲ್ಲ ಒಂದೇ ಕ್ಷಣದಲ್ಲಿ ಕಂಡಿತು.

ತಂಬಿಗೆ ಕೆಳಗಿಟ್ಟು ಒಳಗೆ ಹೋದಳು. ಜೋಳದ ಕಣಜದ ಸಂದಿಗೆ ಕೈಹಾಕಿ ತಲೆನೋವಿನ ಮುಲಾಮಿನ ಒಂದು ಹಳೆಯ ಡಬ್ಬಿ ತೆಗೆದಳು. ತಂದು ಗಂಡನ ಮುಂದೆ ಇಟ್ಟು ಮುಚ್ಚಳ ತೆಗೆದಳು. ಒಳಗೆ ಸುಣ್ಣ ಹಾಕಿ ತಿಕ್ಕಿದ ತಂಬಾಕು.

"ಇಪ್ಪತ್ತಾರು ವರ್ಷ ಆತು. ಇಲ್ಲಿ ಇಟಗೋತೇನಿ" ಎಂದು ಎಡಗೆನ್ನೆ ಮುಟ್ಟಿ ತೋರಿಸಿದಳು. "ಇದೂ ಹಂಗ ಚುರ್ ಅಂತದ, ರಸಾ ನುಂಗಿದ್ರ ಬಿಕ್ಕಳಿಕಿ ಹಿಡೀತದ."

ಅವಳ ಹೆಸರು ದಾಕ್ಷಾಯಣಿ. ಕಥೆಯಲ್ಲಿ ಹೆಸರು ಬೇಡ ಎಂದುಕೊಂಡು ಹೊರಟಿದ್ದೆ. ಈ ಜಾಗಕ್ಕೆ ಬಂದ ಮೇಲೆ ಅವಳನ್ನು ಸಾಹುಕಾರನ ಹೆಂಡತಿ ಎಂದಷ್ಟೇ ಕರೆಯಲು ನನಗೆ ಬಾಯಿ ಬರುವುದಿಲ್ಲ. ಯುದ್ಧಕ್ಕೆ ಹೋದವರ ಕಥೆ ನಾವು ಕೇಳಿದ್ದೇವೆ, ಕಾಡಿಗೆ ಹೋದವರ ಕಥೆ ಕೇಳಿದ್ದೇವೆ. ಪಡಸಾಲೆಯ ನಡುವೆ ಹಗಲು ಹೊತ್ತಿನಲ್ಲಿ, ಅತ್ತೆಯ ಕಣ್ಣೆದುರು ಆ ಮುಚ್ಚಳ ತೆಗೆದ ಕೈಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಪ್ಪತ್ತಾರು ವರ್ಷ ಒಳ್ಳೆಯವಳು ಅನ್ನಿಸಿಕೊಂಡದ್ದನ್ನು ಅವಳು ಗಂಡನ ಒಂದು ಹೆಬ್ಬೆರಳಿಗಾಗಿ ನೆಲಕ್ಕೆ ಇಟ್ಟಳು.

ಮೊದಲು ಮಾತಾಡಿದ್ದು ಅತ್ತೆ. "ಅಯ್ಯ ನನ್ನವ್ವ, ಅದಕ್ಕ ಏನು, ಏನ ಕೇಳಿದರೂ ಹೂಂ ಅಂತಿದ್ದಿ?"

"ಹೂಂ" ಎಂದಳು ದಾಕ್ಷಾಯಣಿ. ಅಂದು ತಾನೇ ನಕ್ಕುಬಿಟ್ಟಳು.

ಹೇಗೆ ಹತ್ತಿತ್ತು ಅದು? ಎರಡನೆಯ ಬಾಣಂತನದಲ್ಲಿ ಹಲ್ಲುನೋವು. ಎರೆಯಲು ಬರುತ್ತಿದ್ದ ಮುದುಕಿ ಒಂದು ಚಿಟಿಕೆ ದವಡೆಗೆ ಇಟ್ಟಳು. ಆ ಹಲ್ಲು ಉದುರಿಹೋಯಿತು, ತಂಬಾಕು ಉಳಿಯಿತು. ಯಾಕೆ ಉಳಿಯಿತು ಎಂದು ಗಂಡಸರಿಗೆ ಹೇಳಬೇಕು, ಹೆಂಗಸರಿಗೆ ಹೇಳಬೇಕಿಲ್ಲ. ಬೆಳಗಿನಿಂದ ಎಲ್ಲರೂ ಕರೆಯುತ್ತಾರೆ. ಅದು ಎಲ್ಲಿದೆ, ಇದು ಎಲ್ಲಿದೆ, ನೀರು, ಚಹಾ, ಟವೆಲ್ಲು. ಬಚ್ಚಲಿನ ಹಿಂದೆ ನಿಂತು ಆ ಚಿಟಿಕೆಯನ್ನು ದವಡೆಗೆ ಸರಿಸಿದ ಮೇಲೆ ಸ್ವಲ್ಪ ಹೊತ್ತು ಅವಳು ಯಾರಿಗೂ ಉತ್ತರ ಕೊಡುವಂತಿಲ್ಲ. ಬಾಯಿ ತುಂಬಿದೆ. ದಿನದಲ್ಲಿ ಅಷ್ಟು ಹೊತ್ತು ಮಾತ್ರ ಅವಳದು. ಅವಳು ತಂಬಾಕು ಹಿಡಿದಿದ್ದಳೋ, ಆ ಸ್ವಲ್ಪ ಹೊತ್ತನ್ನು ಹಿಡಿದಿದ್ದಳೋ, ಅವಳಿಗೂ ಗೊತ್ತಿರಲಿಲ್ಲ.

ಮತ್ತೆ ಗಂಡನನ್ನು ನೋಡಿ. ಯಾವ ಹೊಲದ ಮೆಣಸಿನಕಾಯಿ ಎಂದು ಹೇಳುತ್ತಿದ್ದ ಮೂಗು, ಒಂದೇ ದಿಂಬಿನ ಅಳತೆಯ ದೂರದಲ್ಲಿದ್ದ ತಂಬಾಕಿನ ವಾಸನೆಯನ್ನು ಕಂಡುಹಿಡಿಯಲಿಲ್ಲ. ಹೊಗೆಯೊಳಗೆ ಕೂತವನಿಗೆ ಯಾವ ವಾಸನೆ ಬಂದೀತು?

ಅವನು ಏನು ಮಾಡಬಹುದಿತ್ತು? ನಡುಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಸೇದಿದವನು ಅವನು, ಬೂದಿಯ ಬಟ್ಟಲು ತೊಳೆದಿಟ್ಟವಳು ಅವಳು. ಆದರೂ ಕೂಗಾಡಬಹುದಿತ್ತು. ಗಂಡಸಿನ ಚಟಕ್ಕೆ ಚಟ ಎನ್ನುತ್ತೇವೆ, ಹೆಂಗಸಿನ ಚಟಕ್ಕೆ ಬೇರೆ ಹೆಸರು ಇಡುತ್ತೇವಲ್ಲ. ಅವನ ಬಾಯಿಗೂ ಒಂದು ಮಾತು ಬಂದಿತ್ತು. ಅದನ್ನು ನುಂಗಿದ. ಜೇಬಿನಲ್ಲಿದ್ದ ಕೈಯನ್ನು ಹೊರಗೆ ತೆಗೆದ. ಖಾಲಿ ಕೈ.

"ನಿನಗೂ ಬಿಡಬೇಕು ಅನಸ್ತದೇನು?" ಎಂದು ಕೇಳಿದ.

"ದಿನಾ ಅನಸ್ತದರಿ. ಮುಂಜಾನೆ ಬಿಡತೇನಿ, ಮಧ್ಯಾಹ್ನಕ ಹಿಡೀತೇನಿ. ಲವಂಗ ಇಟ್ಟ ನೋಡೀನಿ, ಒಣಶುಂಠಿ ಇಟ್ಟ ನೋಡೀನಿ, ಹುರದ ಹುಣಸಿಬೀಜ ಇಟ್ಟ ನೋಡೀನಿ."

"ಒಂದೂ ನಡೀಲಿಲ್ಲ?"

"ಎಲ್ಲಾನೂ ನಾಕ ದಿವಸ ನಡೀತಾವ. ಐದನೇ ದಿವಸ ತಲಿ ಸಿಡೀತದ, ಸುಮ್ನ ಸಿಟ್ಟ ಬರತದ. ಯಾಕಂತ ಯಾರಿಗಿ ಹೇಳ್ಲಿ? ತಿನ್ನೂದು ಕದ್ದ ತಿನ್ನಬಹುದರಿ. ಬಿಡೂದು ಕದ್ದ ಬಿಡಾಕ ಬರೂದಿಲ್ಲ."

ಈ ಕೊನೆಯ ಮಾತನ್ನು ಸ್ವಲ್ಪ ಮನಸ್ಸಿಗೆ ಹಾಕಿಕೊಳ್ಳಿ.

ಸಾಹುಕಾರ ಒಂದು ಗಮ್ಮು ತೆಗೆದು ಅವಳು ಹೇಳಿದಂತೆ ನಾಲ್ಕು ಸಲ ಅಗಿದ, ದವಡೆಗೆ ಸರಿಸಿದ. ಬಿಕ್ಕಳಿಕೆ ಬರಲಿಲ್ಲ. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಇವತ್ತು ಇಬ್ಬರಲ್ಲಿ ರೋಗಿ ಯಾರು ಎಂದು ಡಾಕ್ಟರಮ್ಮ ಕೇಳಿದಳು. "ಇಬ್ಬರೂ" ಎಂದ ಅವನು. ಬ್ಯಾಟರಿ ಹಿಡಿದು ದಾಕ್ಷಾಯಣಿಯ ಬಾಯಿ ನೋಡಿದ ಡಾಕ್ಟರಮ್ಮ ಕೆನ್ನೆಯನ್ನು ಬೆರಳಿನಿಂದ ಸರಿಸಿ ಮತ್ತೊಮ್ಮೆ ನೋಡಿದಳು. ತಂಬಾಕು ಇಡುವ ಜಾಗದಲ್ಲಿ ಒಂದು ಬಿಳಿ ಕಲೆ. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ಒಂಬತ್ತು ದಿನ ಸಾಹುಕಾರನಿಗೆ ತನ್ನ ಹೆಬ್ಬೆರಳು ಇದೆಯೋ ಇಲ್ಲವೋ ಎಂಬುದೇ ಮರೆತುಹೋಗಿತ್ತು. ವರದಿ ಬಂತು, ಇನ್ನೂ ಕೆಟ್ಟಿಲ್ಲ ಎಂದಿತ್ತು. ಇನ್ನೂ ಎನ್ನುವ ಆ ಒಂದು ಶಬ್ದವನ್ನು ಹಿಡಿದುಕೊಂಡು ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು.

"ಅಕಿಗೂ ಇದೇ ಗಮ್ಮ ಕೊಡ್ರಿ" ಎಂದ ಸಾಹುಕಾರ. ಡಾಕ್ಟರಮ್ಮ ಒಪ್ಪಲಿಲ್ಲ. "ನಿಮ್ಮ ಅಂಗಿ ಅವರಿಗೆ ಆಗತದೇನ್ರಿ? ಅವರ ಬಾಯಿಗೆ ವಿಶ್ರಾಂತಿ ಬೇಕು" ಎಂದು ಅವಳಿಗೆ ರಟ್ಟೆಗೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಟ್ಟಳು. ಹನ್ನೆರಡು ವಾರ, ನಡುವೆ ನಿಲ್ಲಿಸಬಾರದು. ಪ್ರತಿ ವಾರ ಬಂದು ಮಾತಾಡಬೇಕು.

ಆ ಹನ್ನೆರಡು ವಾರದಲ್ಲಿ ಅವನು ಎರಡು ಸಲ ಜಾರಿದ, ಅವಳು ಒಂದು ಸಲ. ಜಾರಿದ ಸಂಜೆಯೇ ಒಬ್ಬರಿಗೊಬ್ಬರು ಹೇಳಿಕೊಂಡರು. ಹೆಬ್ಬೆರಳಿನ ಉಗುರು ಹೋಯಿತು, ಬೆರಳು ಉಳಿಯಿತು. ಮತ್ತೆ ಆ ಮನೆಯಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ದಾಕ್ಷಾಯಣಿಗೆ ಮಾತು ಬಹಳ ಇತ್ತು. ಅತ್ತೆಯ ಮಾತಿಗೆ ಉತ್ತರ ಕೊಟ್ಟಳು, ನೆಗಡಿ ಬಂದವರ ದನಿ ಅಣಕಿಸಿ ತೋರಿಸಿದಳು. ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, "ಅರ್ಧಾ ತಾಸು ನನ್ನ ಯಾರೂ ಕರೀಬ್ಯಾಡ್ರಿ" ಎಂದು ಬಾಯಿಬಿಟ್ಟೇ ಹೇಳಿದಳು. ಯಾರೂ ಕರೆಯಲಿಲ್ಲ. ಅಷ್ಟು ವರ್ಷ ಅದನ್ನು ಕೇಳಬಹುದು ಎಂದೇ ಅವಳಿಗೆ ಹೊಳೆದಿರಲಿಲ್ಲ.

ಅಣ್ಣಂದಿರೇ, ಈಗ ನಿಮ್ಮ ಸರದಿ. ಚಟ ಬಿಡಿಸುವ ಔಷಧಿಯನ್ನು ಎರಡು ದಿನ ರುಚಿ ನೋಡಿ ಸುಳ್ಳು ಎನ್ನಬೇಡಿ. ಗಮ್ಮೋ ಪಟ್ಟಿಯೋ ಗುಳಿಗೆಯೋ, ಯಾವುದು ನಿಮ್ಮ ದೇಹಕ್ಕೆ ಸರಿ ಎಂದು ಆಸ್ಪತ್ರೆಯಲ್ಲಿ ಕೇಳಿ. ಕೇಳುವಾಗ ಫೋನು ಬಂದರೆ ಬಂದು ಹೋಗಲಿ. ಹೇಗೆ ಉಪಯೋಗಿಸಬೇಕು ಎಂದು ಎರಡು ಸಲ ಕೇಳಿ ತಿಳಿದುಕೊಳ್ಳಿ, ಹೇಳಿದಷ್ಟು ವಾರ ಬಿಡದೆ ನಡೆಸಿ. ಬಿಡುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿ. ಸೋತರೆ ನಗುತ್ತಾರೆ ಎಂದು ಮುಚ್ಚಿಟ್ಟುಕೊಂಡು ಸೋಲಬೇಡಿ.

ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದವರನ್ನು ನಾನು ನೋಡಿದೆ, ಹೆಸರು ಕೇಳುವುದಿಲ್ಲ. ನಿಮ್ಮದನ್ನು ಹಲ್ಲುಪುಡಿ ಎನ್ನಿ, ಎಲೆಅಡಿಕೆಯ ಜೊತೆಗೆ ಒಂದಿಷ್ಟು ಎನ್ನಿ, ದವಡೆಗೆ ಅದು ತಂಬಾಕೇ. ಈ ವಾರ ಒಂದು ಸಲ ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಬಿಳಿಯೋ ಕೆಂಪೋ ಕಲೆ ಕಂಡರೆ ಕಾಯಬೇಡಿ. ಕಲೆ ಕಾಣದಿದ್ದರೂ ಹೋಗಿ ತೋರಿಸಿಕೊಳ್ಳಿ.

ಇನ್ನೊಂದು ಮಾತು, ಇದು ಏನೂ ಸೇದದೆ, ಏನೂ ತಿನ್ನದೆ ನೆಟ್ಟಗೆ ಕೂತವರಿಗೆ. ನಾಳೆ ನಿಮ್ಮ ಮನೆಯಲ್ಲಿ ಯಾರಾದರೂ ನಿಮ್ಮ ಮುಂದೆ ಬಂದು, ನನಗೂ ಇದೆ ಎಂದು ಹೇಳಬಹುದು. ಎಂದಿನಿಂದ, ಎಷ್ಟು, ಎಲ್ಲಿ ಬಚ್ಚಿಟ್ಟಿದ್ದಿ ಎಂದು ವಿಚಾರಣೆ ಮಾಡಬೇಡಿ. ಬಿಡಬೇಕು ಅನಿಸುತ್ತದೆಯೇ ಎಂದು ಕೇಳಿ. ಕೇಳಿದ ಮೇಲೆ, ಅವರು ಉತ್ತರ ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.