ನಾಲ್ಕನೇ ದಿನದ ಸ್ನಾನ

ಕುಮಟಾ ಬಸ್ ನಿಲ್ದಾಣದಲ್ಲಿ ಮಿರ್ಜಾನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು, ಮಾತಿನಿಂದ ಅತ್ತಿಗೆ ನಾದಿನಿಯರು, ಆಸ್ಪತ್ರೆಯ ರಿಪೋರ್ಟು ಹಿಡಿದುಕೊಂಡು ನಗುತ್ತಿದ್ದರು.

“ಮುಟ್ಟು ನಿಂತು ಎರಡು ವರ್ಷಕ್ಕೆ ಮತ್ತೆ ಕಂಡ್ತಲ್ಲೆ. ಮೂರು ದಿನ ಹೊರಗೆ ಕೂತೆ, ನಾಕನೇ ದಿನ ತಲೆಗೆ ಮಿಂದೆ. ಆತು ಅಂದ್ಕಂಡೆ,” ಎಂದಳು ಅತ್ತಿಗೆ.

“ಮಿಂದ್ರೆ ರೋಗ ಹೋಗ್ತದಾ? ನಿಂತ ಮೇಲೆ ಒಂದು ಹನಿ ಕಂಡ್ರೂ ತೋರಿಸ್ಬೇಕು ಅಂದ್ರು ಡಾಕ್ಟ್ರು,” ಎಂದಳು ನಾದಿನಿ.

“ಗರ್ಭಕೋಶದ ಗಂಟು ತೆಗೆದಾತು, ಕ್ಯಾನ್ಸರ್ ಅಲ್ಲ. ನಿನ್ನಣ್ಣಂಗೆ ಹೇಳು, ಇನ್ನೂ ಮೂವತ್ತು ವರ್ಷ ನನ್ನ ಬೈಗುಳ ತಿನ್ಬೇಕು.”

“ಮೂರು ದಿನ ಅಂವ ಬೇಯಿಸಿದ ಅನ್ನ ತಿಂದೂ ಬದುಕಿದ್ಯಲ್ಲ.”

“ನಿಂದೆಂತ ಕತೆ? ಹೋದ ವಾರ ಮುಟ್ಟಾದವಳು ಇವತ್ತು ಮತ್ತೆ ಪ್ಯಾಡ್ ತಕಂಡೆ.”

“ನಂದು ನಿಂತದ್ದಲ್ವಲ್ಲ. ಹತ್ತತ್ತು ದಿನ ಹೋಗ್ತದೆ, ಅಷ್ಟೇ.”

“ಎಷ್ಟು ತಿಂಗಳಿಂದ?”

“ನಾಕು.”

ಅತ್ತಿಗೆ ಎದ್ದು ನಿಂತಳು.

“ನನ್ನ ಎಳಕಂಡು ಬಂದವಳು ನೀನು. ನಡಿ, ಚೀಟಿ ಮಾಡ್ಸುವ.”

“ಬಸ್ಸು ಬಂತು ಅತ್ತಿಗೆ.”

“ಸಂಜೆಗೂ ಬತ್ತದೆ ಮಾರಾಯ್ತಿ.”

ನಾದಿನಿಯ ಕೈ ಬಿಡದೆ ಅವಳು ಆಸ್ಪತ್ರೆಯ ಕಡೆ ತಿರುಗಿದಳು. ರಸ್ತೆ ದಾಟುವಾಗ ಇಬ್ಬರೂ ಮತ್ತೆ ನಗುತ್ತಿದ್ದರು.