ಎರಡು ಸಲ ಉಂಡವನು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಶ್ರೀಮಂತ ಅಂದಮೇಲೆ ಕೇಳಬೇಕೆ? ದಿನವೂ ಮನೆ ತುಂಬ ಜನ, ಊಟಕ್ಕೆ ಎರಡು ಪಂಕ್ತಿ. ಮೊದಲು ನೆಂಟರದು, ಗಂಡಸರದು; ಹೆಂಗಸರದು ಆಮೇಲೆ. ಇವನೋ, ತಾನೇ ಮೆಚ್ಚಿ ಮದುವೆಯಾದವನು ನೋಡಿ. ಮದುವೆಗೆ ಮುಂಚೆ ಇಬ್ಬರೂ ಹೋಟೆಲಿನಲ್ಲಿ ಒಂದೇ ಮಸಾಲೆದೋಸೆ ಹಂಚಿಕೊಂಡು ತಿಂದಿದ್ದರು. ಈಗ ಹೆಂಡತಿ ಕೇಳಿದ್ದು ಇಷ್ಟೇ: "ದಿನಕ್ಕೊಂದು ಹೊತ್ತು ನನ್ನ ಜೊತೆ ಕೂತು ಊಟ ಮಾಡ್ರೀ."

ಅವನಿಗೆ ಪೇಚಾಟ. ಮೊದಲ ಪಂಕ್ತಿ ಬಿಟ್ಟರೆ ನೆಂಟರು ಏನಂದಾರು? ಅಮ್ಮ ಏನಂದಾಳು? ಬಿಡದಿದ್ದರೆ ಇವಳು? ಕೊನೆಗೆ ಏನು ಮಾಡಿದ ಗೊತ್ತೆ? ಎರಡು ಸಲ ಉಂಡ! ನಗಬೇಡಿ. ನೆಂಟರೊಡನೆ ಹೊಟ್ಟೆ ಬಿರಿಯುವಂತೆ ಉಂಡು, ಮತ್ತೆ ಹೆಂಡತಿಯ ಪಕ್ಕ ಕೂತು ಅನ್ನ ಕೆದಕುತ್ತಿದ್ದ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತು.

ಒಂದು ದಿನ ಅವಳು ಎಲೆ ಮಡಚಿ ಎದ್ದಳು. "ಹಸಿವಿಲ್ದೆ ಪಕ್ಕದಲ್ಲಿ ಕೂರೋದು ಹಾಜರಿ ಹಾಕಿದ ಹಾಗೆ ರೀ. ನಾಳೆ ನಾನು ತವರಿಗೆ ಹೋಗ್ತೀನಿ."

"ನಾನೇನು ಮಾಡ್ಲಿ? ನೀನೂ ಬೇಕು, ಅವರೂ ಬೇಕು!"

"ಇದನ್ನ ಅವರ ಮುಂದೆ ಒಂದು ಸಲನಾದ್ರೂ ಹೇಳಿದೀರಾ?"

ಹೇಳಿರಲಿಲ್ಲ. ಅಲ್ಲಿ ಸಿಕ್ಕಿಬಿದ್ದ ನೋಡಿ.

ಮರುದಿನ ಅವಳು ತವರಿಗೆ ಹೊರಡುವ ಮೊದಲೇ ಪಂಕ್ತಿ ಕೂತಿತು, ಅದರಲ್ಲಿ ಅವನು ಕೂರಲಿಲ್ಲ. ಸೊಂಟಕ್ಕೆ ಟವೆಲ್ ಬಿಗಿದು ಸಾರು ಬಡಿಸತೊಡಗಿದ. ನೆಂಟರು ಮುಸಿಮುಸಿ ನಕ್ಕರು. ಅಮ್ಮ ಸಿಡುಕಿದಳು: "ನೀನ್ಯಾವಾಗ ಉಣ್ಣೋದೋ?" ಮಾಡುತ್ತಿರುವುದು ಸರಿಯೋ ತಪ್ಪೋ ಅವನಿಗೂ ಗೊತ್ತಿಲ್ಲ. ಆದರೂ ಎಲ್ಲರೆದುರು ಹೇಳಿದ: "ಬಂದವರದ್ದಾದ ಮೇಲೆ ಅವಳ ಜೊತೆ ಉಣ್ತೀನಮ್ಮಾ. ಹಸ್ಕೊಂಡಿದೀನಿ."

ಆಮೇಲೆ ಗಂಡ ಹೆಂಡತಿ ಕೂತರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದಳು. ಬಯ್ಯುತ್ತಾಳೋ, ಅಳುತ್ತಾಳೋ ತಿಳಿಯದೆ ಇವರು ತುತ್ತು ಎತ್ತಲಿಲ್ಲ.

"ನಿಮ್ಮಪ್ಪ ಒಂದಿನಾನೂ ನನ್ನ 'ಉಂಡ್ಯಾ' ಅಂತ ಕೇಳ್ಲಿಲ್ಲ ಕಣೋ," ಅಂದಳು. "ನಂಗೂ ಇಲ್ಲೇ ಒಂದು ಎಲೆ ಹಾಕು."

ತಾಯಂದಿರೇ, ಮಹನೀಯರೇ, ನೀವು ಯಾರಿಗೆ ಹೆದರಿ ಎರಡು ಸಲ ಉಣ್ಣುತ್ತಿದ್ದೀರಿ? ನಾಲ್ಕು ಜನ ಬೇಡವೆಂದು ನಾನು ಹೇಳುವುದಿಲ್ಲ. ಬಂದವರಿಗೆ ಬಡಿಸಿ, ಮನಸಾರೆ ಬಡಿಸಿ. ಆದರೆ ಹಸಿವನ್ನು ನಿಮ್ಮವರಿಗಾಗಿ ಉಳಿಸಿಕೊಳ್ಳಿ. ಅಮ್ಮನಿಗೆ ಹೇಳಬೇಕಾದ ಮಾತನ್ನು ನೀವೇ ಹೇಳಿ, ಹೆಂಡತಿಯ ಬಾಯಲ್ಲಿ ಹೇಳಿಸಬೇಡಿ. ಇಷ್ಟಕ್ಕೇ ಗೊಂದಲವೆಲ್ಲ ತೀರುತ್ತದೆಯೇ? ನನಗೂ ಗೊತ್ತಿಲ್ಲಪ್ಪ. ಈಗ ಪ್ರಸಾದಕ್ಕೆ ಏಳುತ್ತೀರಿ. ಗಂಡಸರೇ, ಇವತ್ತು ಮೊದಲು ನೀವು ಬಡಿಸಿ. ಆಮೇಲೆ ಅವಳ ಪಕ್ಕದಲ್ಲಿ ಹಸಿದು ಕೂತುಕೊಳ್ಳಿ.